ಬಲಕ್ಕೆ ತಿರುಗಿದರೆ ಉಪವಾಸ

ನಮ್ಮನೆಯವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಗೊತ್ತಿರುವುದನ್ನು ಮಾಡಿ ತೋರಿಸಿ ಎಂದಾಗ ಮಾತ್ರ ಅವರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಹೆಸರು ಅನಂತರಾಜು. ಹೆಬ್ಬಾಳದ ಒಂದು ಕಚೇರಿಯಲ್ಲಿ ಗುಮಾಸ್ತರು. ಓಡಿಸುವುದು ಸ್ಕೂಟರು, ನೋಡುವುದು ರೇಸ್ ಕಾರು. ಮೊಬೈಲು ಹಿಡಿದು ಕೂತರೆ ಯಾವ ಯಾವುದೋ ದೇಶದ ಕಾರುಗಳು ನಮ್ಮ ಅಡುಗೆಮನೆಯಲ್ಲಿ ಕಿರುಚುತ್ತವೆ. ನಾವಿರುವುದು ಬಾಗಲಗುಂಟೆಯಲ್ಲಿ, ನಮ್ಮಪ್ಪನ ಮನೆಯ ಮಹಡಿಯಲ್ಲಿ. ಅಂದರೆ ನಮ್ಮನೆಯವರು ಮನೆಅಳಿಯ. ಈ ಪದವನ್ನು ಅವರೆದುರು ಆಡಬಾರದು. "ಮಾವನವರಿಗೆ ಒಂದು ಜೊತೆ ಇರಲಿ ಅಂತ ಇದೀವಿ" ಎನ್ನಬೇಕು.

ನಮ್ಮಪ್ಪ ಚಿಕ್ಕಹನುಮಯ್ಯ ಹಳೇ ಊರಿನವರು. ದನ ಕಟ್ಟುತ್ತಿದ್ದ ಜಾಗದಲ್ಲಿ ಈಗ ಕಟ್ಟಡಗಳು ನಿಂತಿವೆ. ಕೊನೆಯ ಹಸು ಕೆಂಪಿಯನ್ನು ಮಾರಿದ ದಿನ ಅಪ್ಪ ತಟ್ಟೆ ಮುಟ್ಟಲಿಲ್ಲ. ಆಮೇಲೆ ಕೊಟ್ಟಿಗೆ ಇದ್ದ ಕಡೆ ಒಂದು ಕಾರು ತಂದು ನಿಲ್ಲಿಸಿದರು. ಕಾರಿನ ಬಣ್ಣ ಬಿಳಿ, ಹೆಸರು ಮಾತ್ರ ಕೆಂಪಿ. ಬೆಳಗ್ಗೆ ಎದ್ದು ಅದರ ಬೆನ್ನು ಸವರುತ್ತಾರೆ, ಮಂಗಳಾರತಿ ಎತ್ತುತ್ತಾರೆ. ಪ್ರತಿ ಶನಿವಾರ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ಕರಿದಾರವನ್ನು ಬಾನೆಟ್ಟಿನಿಂದ ಬಂಪರಿಗೆ ಬಿಗಿಯುತ್ತಾರೆ. ಹಳೆಯ ದಾರ ಕತ್ತರಿಸುವಂತಿಲ್ಲ, ಅಪಶಕುನ. ಅದರ ಮೇಲೆಯೇ ಹೊಸದು. ಹಿಂದೊಮ್ಮೆ ಸರ್ವೀಸಿನ ಹುಡುಗನೊಬ್ಬ ಆ ದಾರಕ್ಕೆ ಕತ್ತರಿ ಹಿಡಿದನೆಂದು ಅಪ್ಪ ಸರ್ವೀಸಿಗೆ ಬಿಡುವುದನ್ನೇ ನಿಲ್ಲಿಸಿದರು. ಕೆಂಪಿಯ ಬಾನೆಟ್ಟು ತೆರೆದದ್ದು ಯಾವ ಕಾಲದಲ್ಲಿ ಎಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಈ ಕೆಂಪಿಯ ಪ್ರಾಣಕ್ಕೆ ಸಂಚಕಾರ ಬಂದದ್ದು ಒಂದು ಬಟ್ಟಲು ಸಾರಿನಿಂದ.

ನನ್ನ ತಂಗಿ ಮಾಲಾಳ ಮನೆಯ ಗೃಹಪ್ರವೇಶ, ಕೆಂಪಾಪುರದಲ್ಲಿ. ಅವಳ ಗಂಡ ಮಣಿಕಂಠ ನಮ್ಮನೆಯವರಿಗೆ ಷಡ್ಡಕ. ಷಡ್ಡಕರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬಾರದು ಎಂದು ಹಿರಿಯರು ಯಾಕೆ ಹೇಳಲಿಲ್ಲವೋ ಕಾಣೆ. ಮಣಿಕಂಠನ ಹತ್ತಿರ ಹೊಸ ಕೆಂಪು ಕಾರಿದೆ. ಅವನು ಅದನ್ನು ಎಲೆಯ ತುದಿಗೆ ಉಪ್ಪು ಬಡಿಸುವ ಹೊತ್ತಿಗೇ ಶುರು ಮಾಡಿದ.

"ಬ್ರದರ್, ದೊಡ್ಡಬಳ್ಳಾಪುರದ ಆಚೆ ಹೊಸದಾಗಿ ರೇಸ್ ಟ್ರ್ಯಾಕ್ ಆಗಿದೆ ಗೊತ್ತಾ? ನಮ್ ಕಾರ್ ತಗೊಂಡ್ ಹೋಗಿದ್ದೆ. ಸುಯ್ಯಂತ ಹೋಯ್ತು!"

ನಮ್ಮನೆಯವರು ಕೋಸಂಬರಿ ಅಗಿಯುತ್ತಾ ನಕ್ಕರು. ಆ ನಗು ನನಗೆ ಗೊತ್ತು. ಹಿಂದಿನ ದಿನ ಯಾವುದೋ ವಿಡಿಯೊ ನೋಡಿದ್ದಾರೆ ಎಂದರ್ಥ.

"ಸುಯ್ಯಂತ ಯಾರ್ ಬೇಕಾದ್ರೂ ಹೋಗ್ತಾರೆ ಮಣಿ. ಟರ್ನಿಂಗಲ್ಲಿ ಎಂಜಿನ್‌ಗೆ ಆಯಿಲ್ ಸ್ಟಾರ್ವೇಷನ್ ಆಗುತ್ತಲ್ಲ, ಅದಕ್ಕೇನ್ ಮಾಡ್ದೆ?"

"ಏನ್ ಆಗುತ್ತೆ?"

ಅಷ್ಟೇ ಸಾಕಾಯಿತು. ನಮ್ಮನೆಯವರು ಸಾರಿನ ಬಟ್ಟಲು ಕೈಗೆತ್ತಿಕೊಂಡರು. "ನೋಡಿ ಎಲ್ರೂ. ಇದು ಎಂಜಿನ್ ತಳ. ಇದು ಆಯಿಲ್. ಕಾರು ಜೋರಾಗಿ ಬಲಕ್ಕೆ ತಿರುಗ್ತು ಅನ್ಕೊಳ್ಳಿ," ಎಂದು ಬಟ್ಟಲನ್ನು ಬಲಕ್ಕೆ ಒಂದು ಬೀಸು ಬೀಸಿದರು. ಸಾರು ಶಾಸ್ತ್ರಕ್ಕೆ ಸರಿಯಾಗಿ ಎಡಕ್ಕೆ ಹೋಯಿತು. ಎಡಕ್ಕೆ ಕೂತಿದ್ದವರು ನಮ್ಮ ದೂರದ ಚಿಕ್ಕಪ್ಪ ರಾಮಕೃಷ್ಣಪ್ಪ. ಟ್ರಾಫಿಕ್ ಪೊಲೀಸಿನಲ್ಲಿ ಎಎಸ್ಐ. ಅಪರೂಪಕ್ಕೆ ಖಾಕಿ ಬಿಟ್ಟು ರೇಷ್ಮೆ ಪಂಚೆ ಉಟ್ಟು ಬಂದಿದ್ದರು.

"ಗೊತ್ತಾಯ್ತಾ?" ಎಂದರು ನಮ್ಮನೆಯವರು, ಸಭೆಗೆ.

"ಗೊತ್ತಾಯ್ತು," ಎಂದರು ರಾಮಕೃಷ್ಣಪ್ಪ, ತೊಡೆಯ ಮೇಲಿನ ಟೊಮೆಟೊ ತೆಗೆಯುತ್ತಾ.

ಮಣಿಕಂಠ ಬಿಡಲಿಲ್ಲ. "ಇಷ್ಟೆಲ್ಲ ಗೊತ್ತಿದೆ ಅಂದ್ಮೇಲೆ ಮುಂದಿನ ತಿಂಗಳು ಮೊದಲ್ನೇ ಭಾನುವಾರ ನೀವೂ ಬಂದ್ಬಿಡಿ ಬ್ರದರ್. ಒಂದ್ ಕೈ ನೋಡ್ಬಿಡೋಣ. ಕಾರ್ ಇದ್ಯಲ್ವಾ ನಿಮ್ದು?"

ಅಪ್ಪ ಮೊದಲ ಪಂಕ್ತಿಯಲ್ಲೇ ಉಂಡು ಮನೆಗೆ ಹೊರಟಿದ್ದರು. ಇಡೀ ಪಂಕ್ತಿ ನಮ್ಮನೆಯವರ ಮುಖ ನೋಡಿತು. ನಾನು ಊಟದ ಮೇಜಿನ ಕೆಳಗಿನಿಂದ ಅವರ ಕಾಲು ತುಳಿದೆ.

"ಇದೆ," ಎಂದರು ಅವರು. "ಬರ್ತೀನಿ."

ಮನೆಗೆ ಬಂದವರೇ ಅಪ್ಪನ ಮುಂದೆ ಕೈಕಟ್ಟಿ ನಿಂತು, "ಮಾವ, ಕೆಂಪಿ ಟೈರಲ್ಲಿ ಗಾಳಿ ಕಮ್ಮಿ ಇದ್ದಂಗಿದೆ. ಸ್ವಲ್ಪ ದಿನ ನಾನೇ ನೋಡ್ಕೋತೀನಿ" ಎಂದರು. ಅಪ್ಪನಿಗೆ ಕಣ್ಣು ತುಂಬಿ ಬಂತು. "ನೋಡ್ಕೊಳ್ಳಿ ಅಳಿಯಂದ್ರೆ. ನಿಮ್ಗಾದ್ರೂ ಮೂಕಪ್ರಾಣಿ ಮ್ಯಾಲೆ ಕರುಣೆ ಐತಲ್ಲ" ಎಂದು ಕೀ ಕೊಟ್ಟರು.

ಮಹಡಿ ಮೆಟ್ಟಿಲ ಮೇಲೆ ನಾನು ಕೇಳಿದೆ. "ರೀ, ರೇಸಲ್ಲಿ ಆ ಕಾರಿಗೆ ಏನಾದ್ರೂ ಆದ್ರೆ?"

"ಏನಾಗುತ್ತೆ?"

"ಅಪ್ಪ ಎದೆ ಒಡ್ಕೊಂಡ್ ಸಾಯ್ತಾರೆ. ಆಮೇಲೆ ನಾನು ನಿಮ್ಮನ್ನ ಸಾಯಿಸ್ತೀನಿ."

ಈ ಮಾತಿಗೆ ಸ್ವಲ್ಪ ಬೆಲೆ ಬಂತು. ಮರುದಿನವೇ ಕೆಂಪಿಯನ್ನು ಗ್ಯಾರೇಜಿಗೆ ಒಯ್ದರು. ನನ್ನನ್ನೂ ಕೂರಿಸಿಕೊಂಡರು, ಕಾವಲಿಗೆ.

ಆರ್.ಟಿ. ನಗರದ ಅಡ್ಡರಸ್ತೆಯೊಂದರಲ್ಲಿ ಜೋಯಾ ಎಂಬ ಹುಡುಗಿಯ ಗ್ಯಾರೇಜು. ಎಂಜಿನಿಯರಿಂಗ್ ಮುಗಿಸಿ ರೇಸ್ ಕಾರುಗಳ ಕೆಲಸ ಹಿಡಿದವಳು. ಬಾಯಿ ಜೋರು. ನಮ್ಮನೆಯವರು "ಆಯಿಲ್ ಸ್ಟಾರ್ವೇಷನ್ ಆಗದ ಹಾಗೆ ಮಾಡ್ಬೇಕು" ಎಂದು ಗಂಭೀರವಾಗಿ ಹೇಳಿದಾಗ ಅವಳು ಪಕ್ಕದ ಗಾಡಿಯಿಂದ ಸ್ಟ್ರಾ ಹಾಕಿದ ಎಳನೀರು ತರಿಸಿ ಅವರ ಕೈಗೆ ಕೊಟ್ಟಳು.

"ಕುಡೀರಿ ಸಾರ್. ತಳದಲ್ಲಿ ಸ್ವಲ್ಪ ಬಿಡಿ." ಕುಡಿದರು. "ಈಗ ಬುರುಡೆ ಓರೆ ಮಾಡಿ ಎಳೀರಿ." ಎಳೆದರು. ಸೊರ್ ಸೊರ್ ಎಂದು ಬರೀ ಗಾಳಿ ಬಂತು.

"ಅಷ್ಟೇ ಸಾರ್ ವಿಷಯ. ಎಂಜಿನ್ ತಳದಲ್ಲಿ ಆಯಿಲ್ ನಿಂತಿರುತ್ತೆ. ಪಂಪು ಒಂದು ಪೈಪಲ್ಲಿ ಅದನ್ನ ಎಳ್ಕೊಳ್ಳುತ್ತೆ. ಈ ಮಾಡೆಲ್‌ಗೆ ಪೈಪ್ ಬಲಗಡೆ ಇದೆ. ಜೋರಾಗಿ ಬಲಕ್ಕೆ ತಿರುಗಿದ್ರಿ ಅಂದ್ರೆ ಆಯಿಲ್ ಎಲ್ಲಾ ಎಡಕ್ಕೆ ಓಡುತ್ತೆ. ಪೈಪಿಗೆ ಗಾಳಿ. ಮೀಟರಲ್ಲಿ ಕೆಂಪು ದೀಪ ಹತ್ತುತ್ತೆ. ಆವಾಗ್ಲೂ ಕಾಲ್ ಬಿಡ್ಲಿಲ್ಲ ಅಂದ್ರೆ ಎಂಜಿನ್ ಕಚ್ಕೊಂಡ್ ಮುಗೀತು."

"ಎಡಕ್ಕೆ ತಿರುಗಿದ್ರೆ?"

"ಎಡಕ್ಕೆ ತಿರುಗಿದ್ರೆ ಆಯಿಲ್ ಪೈಪ್ ಹತ್ರಾನೇ ಬರುತ್ತೆ. ತೊಂದ್ರೆ ಇಲ್ಲ. ತಳದಲ್ಲಿ ತಗಡಿನ ಅಡ್ಡಗೋಡೆ ಕೂರಿಸ್ಬೇಕು, ಬ್ಯಾಫಲ್ ಅಂತೀವಿ. ಆಯಿಲ್ ಆಕಡೆ ಈಕಡೆ ಓಡಲ್ಲ. ಅದಕ್ಕೂ ಮೊದ್ಲು ಆಯಿಲ್ ಎಷ್ಟಿದೆ ನೋಡೋಣ. ಬಾನೆಟ್ ತೆಗೀರಿ."

ಜೋಯಾ ನಿಂಬೆಹಣ್ಣಿನ ದಾರಕ್ಕೆ ಕೈ ಹಾಕಿದಳು. ನಮ್ಮನೆಯವರು ಅಡ್ಡ ಬಿದ್ದರು.

"ಮುಟ್ಬೇಡಿ! ಮಾವನ ದಾರ! ಅದ್ ಹೋದ್ರೆ ನಾನ್ ಹೋದೆ!"

"ಬಾನೆಟ್ ತೆಗೀದೆ ಆಯಿಲ್ ಹೆಂಗ್ ನೋಡ್ಲಿ ಸಾರ್? ಕಾರನ್ನೇ ಕೇಳ್ಲಾ?"

"ದಾರ ಬಿಚ್ಚದೆ ಏನೂ ಮಾಡಕ್ಕಾಗಲ್ವಾ?"

ಜೋಯಾ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. "ಆಗುತ್ತೆ ಸಾರ್. ಜೀವನ ಪೂರ್ತಿ ಎಡಕ್ಕೇ ತಿರುಗಿಸ್ಕೊಂಡಿರಿ" ಎಂದು ಹೇಳಿ ಅವಳು ಬೇರೆ ಕಾರಿನ ಕೆಳಗೆ ನುಸುಳಿದಳು.

ಹುಡುಗಿ ಹೇಳಿದ್ದು ಸಿಟ್ಟಿಗೆ. ನಮ್ಮನೆಯವರು ಕೇಳಿಸಿಕೊಂಡದ್ದು ಉಪದೇಶದಂತೆ. ಅಂದು ಆರ್.ಟಿ. ನಗರದಿಂದ ಬಾಗಲಗುಂಟೆಗೆ ನಾವು ಬಂದ ದಾರಿಯನ್ನು ನಾನು ಯಾರಿಗೂ ಹೇಳಿಲ್ಲ. ಬಲಕ್ಕೆ ಹೋಗಬೇಕಾದ ಕಡೆಯೆಲ್ಲ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೊಮ್ಮೆ ಎಡಕ್ಕೆ. ಹೆಬ್ಬಾಳ ಕೆರೆಯನ್ನು ನಾನು ಅಂದು ನೋಡಿದಷ್ಟು ಸಲ ಆ ಕೆರೆಯ ಬಾತುಕೋಳಿಗಳೂ ನೋಡಿರಲಿಕ್ಕಿಲ್ಲ. ನಡುವೆ ಒಮ್ಮೆ ಯಲಹಂಕವೂ ಕಂಡಿತು. "ರೀ, ಇದು ಯಾಕೆ ಬಂತು?" ಎಂದರೆ "ಸೈನ್ಸ್ ಪದ್ಮಾ, ಸುಮ್ನಿರು" ಎಂದರು.

ಆದರೆ ರೇಸ್ ಟ್ರ್ಯಾಕಿನಲ್ಲಿ ಬಲತಿರುವು ಇದ್ದೇ ಇರುತ್ತದಲ್ಲ? ಕೆಂಪಿಗೆ ನಿಜವಾಗಿ ಈ ರೋಗ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಒಂದೇ ಸಮನೆ ಗುಂಡಗೆ ಸುತ್ತುವ ಜಾಗ ಬೇಕಾಯಿತು. ಬಾಗಲಗುಂಟೆಯಲ್ಲಿ ಹಾಗೆ ಸುತ್ತಲು ಖಾಲಿ ಇರುವುದು ಒಂದೇ ಜಾಗ. ನಮ್ಮ ಬೀದಿಯ ಕೊನೆಯ ಅಶ್ವತ್ಥಕಟ್ಟೆ, ಅದರ ಸುತ್ತಲಿನ ಬಯಲು.

ಶನಿವಾರ ಬೆಳಗ್ಗೆ, ಜನ ಏಳುವ ಮೊದಲೇ ಹೋದೆವು. ದೀಪ ನೋಡುವ ಕೆಲಸ ನನಗೆ. ಮೊದಲು ಕಟ್ಟೆಯನ್ನು ಬಲಕ್ಕೆ ಹಾಕಿಕೊಂಡು ಜೋರಾಗಿ ಸುತ್ತಿದರು. ಎರಡನೆಯ ಸುತ್ತಿಗೇ ಮೀಟರಿನಲ್ಲಿ ಕೆಂಪಗೆ ಒಂದು ಗುರುತು ಮಿನುಗಿತು. ಸೊಂಡಿಲಿನಂಥ ಬಾಯಿ, ತುದಿಯಲ್ಲಿ ಒಂದು ಹನಿ. ನೋಡಲು ದೇವರಮನೆಯ ದೀಪದ ಹಾಗೆಯೇ ಇತ್ತು.

"ರೀ, ಹತ್ತಿತು!"

ಕಾಲು ಬಿಟ್ಟರು. ಆರಿತು. ಈಗ ಕಾರು ತಿರುಗಿಸಿ ಕಟ್ಟೆಯನ್ನು ಎಡಕ್ಕೆ ಹಾಕಿಕೊಂಡು ಸುತ್ತಿದರು. ದೀಪ ಇಲ್ಲ. ಇನ್ನೊಂದು ಸುತ್ತು. ಇಲ್ಲ. ನಮ್ಮನೆಯವರು ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಷಯವನ್ನು ಸ್ವಂತವಾಗಿ ಕಂಡುಹಿಡಿದಿದ್ದರು. ಆ ಸಂತೋಷದಲ್ಲಿ ಸುತ್ತಿದರು, ಸುತ್ತಿದರು, ಸುತ್ತುತ್ತಲೇ ಹೋದರು. ಶನಿವಾರ ಬೆಳಗ್ಗೆ ಊರಿನ ಹೆಂಗಸರು ಅಶ್ವತ್ಥ ಪ್ರದಕ್ಷಿಣೆಗೆ ಬರುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಾನು ದೀಪ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು. ತಲೆ ಎತ್ತಿದಾಗ ಎದುರಿನಿಂದ ಒಂದು ಸಾಲು ಹೆಂಗಸರು ತಟ್ಟೆ, ತಂಬಿಗೆ ಹಿಡಿದು ಬಲಕ್ಕೆ ಸುತ್ತುತ್ತಾ ನಮ್ಮ ಮೇಲೆಯೇ ಬರುತ್ತಿದ್ದರು.

ಬ್ರೇಕು ಬಿತ್ತು. ತಂಬಿಗೆಗಳು ಬಿದ್ದವು. ಮುಂದೆ ಇದ್ದವರು ರತ್ನವ್ವ. ನಮ್ಮ ಬೀದಿಯಲ್ಲಿ ಸುದ್ದಿ ಹುಟ್ಟುವುದೂ ಅವರ ಮನೆಯಲ್ಲಿ, ಬೆಳೆಯುವುದೂ ಅವರ ಮನೆಯಲ್ಲಿ.

"ಕಣ್ ಕಾಣಾಕಿಲ್ವೇನಪ್ಪಾ ಅಳಿಯಾ? ಕಟ್ಟೆನ ಉಲ್ಟಾ ಸುತ್ತಾ ಇದ್ಯಲ್ಲ! ಸ್ಮಶಾನದಾಗೆ ಸುತ್ತೋ ಅಂಗೆ! ಯಾರ್ ಓದ್ರು ನಿಮ್ಮನೇಲಿ?"

ನಮ್ಮನೆಯವರ ತಲೆಯಲ್ಲಿ ಇನ್ನೂ ಎಂಜಿನ್ನೇ ಓಡುತ್ತಿತ್ತು. "ಇನ್ನೂ ಹೋಗಿಲ್ಲ ರತ್ನವ್ವ," ಎಂದರು. "ಆದ್ರೆ ಗ್ಯಾರಂಟಿ ಹೇಳಕ್ಕಾಗಲ್ಲ. ಒಳಗೆಲ್ಲ ಒಣಗಿದೆ. ಬರೀ ಗಾಳಿ ಎಳೀತಿದೆ."

"ಅಯ್ಯೋ ಶಿವ್ನೇ! ಯಾರ್ದು?"

"ಮಾವಂದು."

ನಾನು "ಕಾರಿಂದು" ಎನ್ನುವಷ್ಟರಲ್ಲಿ ರತ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ಬೀದಿ ದಾಟಿಯಾಗಿತ್ತು.

ಸುದ್ದಿ ಹಾಲಿನ ಬೂತಿಗೆ ಬಂದಾಗ "ಚಿಕ್ಕಹನುಮಯ್ಯಂಗೆ ತುಂಬಾ ಸೀರಿಯಸ್" ಎಂದಿತ್ತು. ಮುಖ್ಯರಸ್ತೆ ಸೇರುವಷ್ಟರಲ್ಲಿ "ಹೋಗ್ಬಿಟ್ರಂತೆ" ಆಯಿತು. ಫೋನಿನಲ್ಲಿ ಕೆಂಪಾಪುರಕ್ಕೆ ಮುಟ್ಟಿದಾಗ "ಎಷ್ಟೊತ್ತಿಗೆ ಎತ್ತುತ್ತಾರೆ?" ಎಂದು ವಿಚಾರಿಸುತ್ತಿತ್ತು.

ಇತ್ತ ಮನೆಯಲ್ಲಿ ಅಪ್ಪನಿಗೆ ಅಂದು ಎಣ್ಣೆಸ್ನಾನ. ನಮ್ಮಮ್ಮ ಕೃಷ್ಣಮ್ಮ ಪ್ರತಿ ಶನಿವಾರ ಅವರಿಗೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಬೆವರಲಿ ಎಂದು ನಡುಮನೆಯಲ್ಲಿ ಚಾಪೆ ಹಾಕಿ ತಲೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಹೊದಿಸಿ ಮಲಗಿಸುತ್ತಾಳೆ. ತಲೆಯ ಹತ್ತಿರ ಸಾಂಬ್ರಾಣಿ ಹೊಗೆ ಹಾಕುತ್ತಾಳೆ. ನಾವು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ರಾಶಿ. ಬಂದವರೆಲ್ಲ ದುಪ್ಪಟಿ ನೋಡಿದರು, ಹೊಗೆ ನೋಡಿದರು, ಅನುಮಾನ ಪರಿಹಾರ ಮಾಡಿಕೊಂಡು ಗೊಳೋ ಎಂದು ಅಳಲು ಕೂತರು. ಯಾರೋ ದೊಡ್ಡ ಹಾರ ತಂದಿದ್ದರು. ಇನ್ನಾರೋ ಪುಣ್ಯಾತ್ಮರು ತಮಟೆಯವರಿಗೂ ಹೇಳಿಕಳಿಸಿದ್ದರು. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದರಿಂದ ಅವಳಿಗೆ ಏನೂ ಕೇಳಿಸಿರಲಿಲ್ಲ.

ಗಲಾಟೆಗೆ ಅಪ್ಪನಿಗೆ ಎಚ್ಚರವಾಯಿತು. ದುಪ್ಪಟಿ ಸರಿಸಿ ಎದ್ದು ಕೂತರು. ಇಬ್ಬರು ಹೆಂಗಸರು ಕಿಟಾರನೆ ಕಿರುಚಿದರು. ಅಪ್ಪ ಎಲ್ಲರ ಮುಖ ನೋಡಿದರು, ಹಾರ ನೋಡಿದರು. ಅವರ ಕಣ್ಣಲ್ಲೂ ನೀರು ಬಂತು.

"ಅಯ್ಯಯ್ಯೋ, ಯಾರವ್ವಾ ಓಗಿದ್ದು?"

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯೋಳ್ರೋ! ನಮ್ಮೋರಾ?"

"ನಿಮ್ಗೆ ಭಾಳ ಬೇಕಾದೋರೇ," ಎಂದರು ರತ್ನವ್ವ, ನೆಲ ನೋಡುತ್ತಾ.

"ಪಾಪ. ಒಳ್ಳೆ ಮನ್ಸ," ಎಂದು ಅಪ್ಪ ಮೂಗು ಒರೆಸಿಕೊಂಡು ಟವೆಲು ಹೆಗಲಿಗೆ ಹಾಕಿದರು. "ನಡೀರಿ, ನಾನೂ ಬತ್ತೀನಿ. ಮಣ್ಣಿಗೆ ಓಗ್ದೆ ಇರಾಕಾಯ್ತದಾ?"

ತಮ್ಮ ಮಣ್ಣಿಗೆ ತಾವೇ ಹೊರಟ ನಮ್ಮಪ್ಪನನ್ನು ತಡೆದು ವಿಷಯ ತಿಳಿಸುವ ಕೆಲಸ ಕೊನೆಗೆ ನನ್ನ ಪಾಲಿಗೇ ಬಂತು. ಸತ್ತವರು ಅವರೇ ಎಂದು ಗೊತ್ತಾದಾಗ ಅವರಿಗೆ ಬಂದ ಸಿಟ್ಟನ್ನು ವರ್ಣಿಸಲು ನನ್ನಿಂದಾಗದು. ಹಾರ ಕಿತ್ತು ಬೀದಿಗೆ ಎಸೆದರು. ಅದು ಆಗಷ್ಟೇ ಕೆಂಪಾಪುರದಿಂದ ಬಂದಿಳಿದ ಮಣಿಕಂಠನ ಕೊರಳಿಗೆ ಸರಿಯಾಗಿ ಬಿತ್ತು. ಹಿಂದೆಯೇ ಖಾಕಿ ಹಾಕಿಕೊಂಡು ಎಎಸ್ಐ ರಾಮಕೃಷ್ಣಪ್ಪ ಬಂದರು. ಸಾವಿಗೆಂದು ಹೊರಟವರು, ದಾರಿಯಲ್ಲಿ ಕಟ್ಟೆಯ ದೂರೂ ಕೇಳಿ ಡ್ಯೂಟಿಯ ಮೇಲೆ ಬಂದಂತಾಗಿತ್ತು.

"ಏನ್ರೀ ಅನಂತರಾಜು, ಕಟ್ಟೆ ಉಲ್ಟಾ ಯಾಕ್ ಸುತ್ತಿದ್ರಿ?"

"ಆಯಿಲ್ ಎಡಕ್ಕೆ ಹೋಗುತ್ತೆ ಚಿಕ್ಕಪ್ಪ. ನಿಮ್ಗೆ ಅವತ್ತೇ ತೋರ್ಸಿದ್ನಲ್ಲ."

"ತೋರ್ಸಿದ್ರಿ," ಎಂದು ರಾಮಕೃಷ್ಣಪ್ಪ ತೊಡೆ ಸವರಿಕೊಂಡರು. "ಈಗ ಕಾನೂನು ನಾನ್ ತೋರಿಸ್ತೀನಿ. ಒನ್‌ವೇಲಿ ಉಲ್ಟಾ ಬಂದ್ರೆ ಕೇಸು ಗೊತ್ತಿದೆ. ದೇವ್ರ ಕಟ್ಟೆ ಉಲ್ಟಾ ಸುತ್ತಿದ್ರೆ ಏನ್ ಹಾಕ್ಬೇಕು ಪೂಜಾರಪ್ಪಾ?"

ಕಟ್ಟೆಯ ಪೂಜಾರಪ್ಪ ಗುಂಪಿನಿಂದ ಮುಂದೆ ಬಂದರು. ಇಂಥ ಅವಕಾಶ ಅವರಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಉಲ್ಟಾ ಸುತ್ತಿದ್ದಕ್ಕೆ ಪರಿಹಾರ ಒಂದೇ, ಅದೇ ಗಾಡಿಯಲ್ಲಿ ಅಷ್ಟೇ ಸುತ್ತು ಸರಿಯಾಗಿ ಬಲಕ್ಕೆ ಸುತ್ತಬೇಕು, ಗಾಡಿಯ ಯಜಮಾನರು ಒಳಗಿರಬೇಕು, ಇಲ್ಲವಾದರೆ ಅವರ ಆಯಸ್ಸಿಗೇ ಕುತ್ತು ಎಂದರು. ಎಷ್ಟು ಸುತ್ತು ಎಂಬುದಕ್ಕೆ ಚೌಕಾಶಿ ನಡೆಯಿತು. ರತ್ನವ್ವ ಹನ್ನೊಂದು ಎಂದರು, ನಮ್ಮನೆಯವರು ಏಳು ಎಂದರು, ಪೂಜಾರಪ್ಪ ಒಂಬತ್ತಕ್ಕೆ ಮುಗಿಸಿದರು.

ನಮ್ಮನೆಯವರ ಮುಖ ಬಿಳುಚಿತು. ಬಲಕ್ಕೆ! ಆದರೂ ಮೆಲ್ಲಗೆ ಸುತ್ತಿದರೆ ಅಪಾಯವಿಲ್ಲ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಕೀ ಹಿಡಿದು ಹೊರಟರು. ಅಪ್ಪ ಕೀ ಕಿತ್ತುಕೊಂಡರು.

"ನಾನೇ ಓಡಿಸ್ತೀನಿ. ನಾನ್ ಸತ್ತೋದೆ ಅಂದೋರೆಲ್ಲ ಕಣ್ ಬಿಟ್ಕೊಂಡ್ ನೋಡ್ಲಿ!"

ಅಪ್ಪ ಸ್ಟೀರಿಂಗಿಗೆ, ನಮ್ಮನೆಯವರು ಪಕ್ಕಕ್ಕೆ, ನಾನು ಹಿಂದಕ್ಕೆ. ಊರೆಲ್ಲ ಕಟ್ಟೆಯ ಸುತ್ತ. ತಮಟೆಯವರು ಬಂದದ್ದು ವ್ಯರ್ಥವಾಗಬಾರದೆಂದು ಬಾರಿಸತೊಡಗಿದರು. ಆ ಶಬ್ದಕ್ಕೆ ಅಪ್ಪನ ರಕ್ತ ಕುದಿಯಿತು. ಎರಡನೆಯ ಗೇರು ದಾಟದ ನಮ್ಮಪ್ಪ ಅಂದು ಆಕ್ಸಿಲರೇಟರು ತುಳಿದದ್ದಕ್ಕೆ ಕಟ್ಟೆಯ ಕಾಗೆಗಳು ಊರು ಬಿಟ್ಟವು. ಮೊದಲ ಸುತ್ತಿಗೇ ನಾನು ಎಡಗಡೆ ಬಾಗಿಲಿಗೆ ಹೋಗಿ ಅಂಟಿಕೊಂಡೆ. ಮೀಟರಿನಲ್ಲಿ ಕೆಂಪಗೆ ಹೊಳೆಯಿತು.

"ಮಾವ, ದೀಪ! ದೀಪ ಹತ್ತಿದೆ!"

ಅಪ್ಪ ಬಗ್ಗಿ ನೋಡಿದರು. ಮುಖ ಅರಳಿತು. "ಹೌದಲ್ಲ! ನಮ್ ಕೆಂಪಿ ತಾನೇ ದೀಪ ಅಚ್ಚವಳೆ! ದೋಷ ಕಳೀತು ಕಣ್ರೀ!" ಎಂದು ಸ್ಟೀರಿಂಗು ಬಿಟ್ಟು ಕೈಮುಗಿದು, ಮತ್ತೆ ಹಿಡಿದು, ಇನ್ನೂ ಜೋರಾಗಿ ತುಳಿದರು. ಕೆಳಗಿನಿಂದ ಟಕಟಕ ಎಂದು ಒಂದು ಸದ್ದು ಶುರುವಾಯಿತು. ಹಲ್ಲು ಕಡಿಯುವಂಥ ಸದ್ದು.

"ಮಾವ, ಕಾಲ್ ತೆಗೀರಿ! ಎಂಜಿನ್ ಸಾಯುತ್ತೆ!"

"ನಿಮ್ಗೇನ್ ಗೊತ್ತು ಅಳಿಯಂದ್ರೆ? ಗಾಳಿ ನೋಡೋಕೆ ತಗೊಂಡೋದೋರು ನೀವು!"

ಕಿಟಕಿಗಳೆಲ್ಲ ತೆರೆದಿದ್ದವು. ಹೊರಗೆ ಊರು, ನೆಂಟರು, ಪೊಲೀಸು, ಹಾರ ಹಾಕಿಕೊಂಡ ಮಣಿಕಂಠ. ನಮ್ಮನೆಯವರು ಒಂದು ಕ್ಷಣ ಆ ಕಡೆ ನೋಡಿದರು. ಮಾನ ಉಳಿಸಿಕೊಳ್ಳಬೇಕೋ ಕಾರು ಉಳಿಸಬೇಕೋ ಎಂದು ಲೆಕ್ಕ ಹಾಕಿದ್ದು ನನಗೆ ಹಿಂದಿನಿಂದಲೂ ಗೊತ್ತಾಯಿತು. ಆಮೇಲೆ ಬೀದಿಗೆಲ್ಲ ಕೇಳಿಸುವಂತೆ ಕೂಗಿದರು.

"ಗಾಳಿ ಅಂದಿದ್ದು ಸುಳ್ಳು ಮಾವ! ಮಣಿಕಂಠನ ಮುಂದೆ ದೊಡ್ಡಸ್ತಿಕೆ ಕೊಚ್ಕೊಂಡೆ! ರೇಸ್‌ಗೆ ಅಂತ ನಿಮ್ ಕಾರ್ ತಗೊಂಡೆ! ನಂಗೆ ಕಾರೂ ಇಲ್ಲ, ಸರಿಯಾಗಿ ಓಡ್ಸೋಕೂ ಬರಲ್ಲ! ನಾನು ಮನೆಅಳಿಯ! ನಿಮ್ ಕಾಲಿಗ್ ಬೀಳ್ತೀನಿ, ಕೆಂಪಿನ ಸಾಯಿಸ್ಬೇಡಿ!"

ಎಂದವರೇ ಕೈ ಚಾಚಿ ಕೀ ತಿರುಗಿಸಿ ಎಂಜಿನ್ನು ಆರಿಸಿದರು. ಕೆಂಪಿ ತೆವಳಿ ತೆವಳಿ ಕಟ್ಟೆಯ ಪಕ್ಕದಲ್ಲಿ ನಿಂತಳು. ತಮಟೆಯೂ ನಿಂತಿತು. ಮದುವೆಯಾದಾಗಿನಿಂದ ಮೊದಲ ಸಲ ನನಗೆ ನನ್ನ ಗಂಡನ ಮೇಲೆ ಹೆಮ್ಮೆ ಅನಿಸಿತು. ಬೇರೆ ಯಾರಿಗೂ ಅನಿಸಲಿಲ್ಲ.

"ರೇಸ್ ವಿಷ್ಯ ಆಮೇಲೆ ನೋಡ್ಕೊಳ್ಳಿ," ಎಂದರು ಪೂಜಾರಪ್ಪ. "ಇನ್ನೂ ಏಳು ಸುತ್ತು ಬಾಕಿ. ಅರ್ಧಕ್ಕೆ ನಿಲ್ಸಿದ್ರೆ ಮೊದಲ್ನೇದಕ್ಕಿಂತ ಕೆಟ್ಟದ್ದು."

"ಎಂಜಿನ್ ಹಾಕಂಗಿಲ್ಲ," ಎಂದರು ನಮ್ಮನೆಯವರು, ಕೀ ಜೇಬಿಗೆ ಹಾಕಿಕೊಂಡು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಎಎಸ್ಐ ರಾಮಕೃಷ್ಣಪ್ಪ ಟ್ರಾಫಿಕ್ಕಿನಲ್ಲಿ ತಲೆ ನರೆತವರು. ಕೆಟ್ಟು ನಿಂತ ಗಾಡಿಗೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಿಷಲ್ ಊದಿದರು. "ಬನ್ರೀ ಎಲ್ರೂ! ಕೈ ಹಾಕಿ! ತಳ್ಳಿ!"

ಹಾಗೆ ನಮ್ಮಪ್ಪನನ್ನು ಹೊರಲು ಬಂದಿದ್ದವರೆಲ್ಲ ನಮ್ಮಪ್ಪನನ್ನು ತಳ್ಳಿದರು. ಭಾವನವರು ತಳ್ಳಿದರು, ಬೀಗರು ತಳ್ಳಿದರು, ಬಿಳಿ ಬೂಟಿನ ಮಣಿಕಂಠ ಹಾರದ ಸಮೇತ ತಳ್ಳಿದ. ತಮಟೆಯವರು ಸಾವಿನ ಗತ್ತು ಬಿಟ್ಟು ಮೆರವಣಿಗೆಯ ಗತ್ತು ಹಿಡಿದರು. ಹೆಂಗಸರು ಹೂವು ಎಸೆದರು. ಅಪ್ಪ ಒಳಗೆ ಕೂತು ಸ್ಟೀರಿಂಗು ಹಿಡಿದು, ಪ್ರತಿ ಸುತ್ತಿಗೂ ಕಿಟಕಿಯಿಂದ ಕೈ ಆಚೆ ಹಾಕಿ ರತ್ನವ್ವನಿಗೆ ನಮಸ್ಕಾರ ಮಾಡಿದರು. "ಇನ್ನೂ ಇವ್ನಿ ಕಣವ್ವಾ!"

ನಾನು ಫೋನು ಮಾಡಿದ್ದಕ್ಕೆ ಜೋಯಾ ಬಂದಳು. ಅಪ್ಪನೇ ಚಾಕು ತರಿಸಿ, ಕಣ್ಣು ಮುಚ್ಚಿಕೊಂಡು, ಒಂದೊಂದಾಗಿ ದಾರ ಕತ್ತರಿಸಿದರು. ಒಣಗಿದ ನಿಂಬೆಹಣ್ಣುಗಳು ಗೋಲಿಗಳಂತೆ ಉರುಳಿದವು. ಜೋಯಾ ಎಂಜಿನ್ನಿನಿಂದ ಒಂದು ಉದ್ದ ಕಡ್ಡಿ ಎಳೆದು ಅಪ್ಪನ ಮುಂದೆ ಹಿಡಿದಳು. ತುದಿಯಲ್ಲಿ ಒಂದಿಷ್ಟು ಕರಿ ಜಿಡ್ಡು. ಅಷ್ಟೇ.

"ಅಂಕಲ್, ಇಲ್ಲಿ ತನಕ ಇರ್ಬೇಕು ಆಯಿಲ್ಲು. ಇರೋದು ಇಷ್ಟೇ. ಆ ಚೂರೂ ತಿರುವಲ್ಲಿ ಪಕ್ಕಕ್ಕೆ ಓಡಿಹೋದ್ರೆ ಏನ್ ಕುಡಿಯುತ್ತೆ ಪಾಪ? ಇನ್ನೊಂದೆರಡು ಸುತ್ತು ಓಡ್ಸಿದ್ರೆ ಮುಗೀತಿತ್ತು. ಸಾರ್ ಆರ್ಸಿದ್ದಕ್ಕೆ ಬದುಕ್ತು."

ಅಪ್ಪ ಕಡ್ಡಿಯ ತುದಿ ನೋಡಿದರು. ಅವರ ಕಿವಿಯ ಹಿಂದಿನಿಂದ ಹರಳೆಣ್ಣೆ ಇನ್ನೂ ಇಳಿಯುತ್ತಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡರು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತರು.

"ಇಷ್ಟ್ ವರ್ಸ ದನ ಸಾಕ್ದೋನು ನಾನು. ದಿನಾ ಮಂಗಳಾರತಿ ಎತ್ತಿದೆ. ಒಟ್ಟೆಗೆ ಏನೈತೆ ಅಂತ ಒಂದ್ ದಿನ ನೋಡ್ಲಿಲ್ವಲ್ಲವ್ವಾ. ಇವ್ಳನ್ನ ಉಪವಾಸ ಕೆಡವಿದ್ನಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವೇ ಬಂತು. ಅತ್ತು ಹೋಗಲು ಬಂದಿದ್ದ ಊರೂ ಆ ಅಳುವಿಗೆ ಸೇರಿಕೊಂಡಿತು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಮೂಗು ಒರೆಸಿಕೊಂಡರು. ಜೋಯಾಳಿಗೆ "ಅದೇನ್ ತಗಡು ಆಕ್ಬೇಕೋ ಆಕವ್ವಾ. ಒಟ್ಟೆ ತುಂಬ ಆಯಿಲ್ ಉಯ್ಯಿ" ಎಂದರು. ಮಣಿಕಂಠನಿಗೆ "ರೇಸ್ ಯಾವತ್ತಪ್ಪಾ?" ಎಂದರು. ಆಮೇಲೆ ನಮ್ಮನೆಯವರ ಮುಂದೆ ಕೈ ಚಾಚಿದರು. ಅವರು ತಲೆ ತಗ್ಗಿಸಿ ಕೀ ಕೊಟ್ಟರು. ಅಪ್ಪ ಅದನ್ನು ತಂದು ನನ್ನ ಕೈಗೆ ಹಾಕಿದರು.

"ಅಳಿಯಂದ್ರು ದೀಪ ನೋಡ್ಕೊಳ್ಳಲಿ. ಅದು ನಮ್ಮೆಲ್ರಿಗಿಂತ ಅವ್ರಿಗೇ ಸರಿಯಾಗ್ ಗೊತ್ತು. ಓಡ್ಸೋಳು ನೀನು. ಮದ್ವೆಗ್ ಮುಂಚೆ ಒಲದಾಗೆ ಟ್ರ್ಯಾಕ್ಟರ್ ಓಡ್ಸಿದೋಳಲ್ವಾ?"

ರೇಸಿನ ಭಾನುವಾರ ಹೋಗಿ ನೋಡಿದರೆ, ಟ್ರ್ಯಾಕಿನ ದೊಡ್ಡ ತಿರುವು ಬಲಕ್ಕೇ ಇತ್ತು. ಉದ್ದವಾಗಿ, ಮುಗಿಯುವುದೇ ಇಲ್ಲವೇನೋ ಎನ್ನುವಂತೆ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟು ಹಾಕಿಕೊಂಡು ತುಳಿದೆ. ಪಕ್ಕದಲ್ಲಿ ನಮ್ಮನೆಯವರು ಮೀಟರಿನ ಮೇಲೆ ಮೂಗಿಟ್ಟು ಕೂತಿದ್ದರು.

"ಕಾಲ್ ಬಿಡು ಪದ್ಮಾ, ಕಾಲ್ ಬಿಡು!"

"ದೀಪ ಹತ್ತಿದ್ಯಾ?"

"ಇಲ್ಲ!"

"ಮತ್ತೆ?"

"ಹತ್ತಬಹುದು!"

"ಹತ್ತಿದಾಗ ಹೇಳಿ."

ಹತ್ತಲಿಲ್ಲ. ತಗಡಿನ ಗೋಡೆಯ ನಡುವೆ ಆಯಿಲ್ಲು ಕದಲದೆ ನಿಂತಿತ್ತು, ಕೆಂಪಿ ಹೊಟ್ಟೆ ತುಂಬಿದ ಹಸುವಿನ ಹಾಗೆ ಗುರುಗುಡುತ್ತಿದ್ದಳು. ಎದುರಿಗೆ ಮಣಿಕಂಠನ ಕೆಂಪು ಕಾರಿನ ಹಿಂಭಾಗ ದೊಡ್ಡದಾಗುತ್ತಾ ಬಂತು. ಏನು ಮಾಡಬೇಕೆಂದು ತೋಚದೆ ನಾನು ಹಾರ್ನು ಒತ್ತಿದೆ. ರೇಸಿನಲ್ಲಿ ಹಾರ್ನು ಹೊಡೆಯುವ ಪದ್ಧತಿ ಇಲ್ಲವಂತೆ, ಟ್ರ್ಯಾಕಿನವರು ಆಮೇಲೆ ಬಂದು ಬೈದರು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ತನ್ನ ಅಪ್ಪನೇ ಬಂದರೂ ಜಾಗ ಬಿಡದ ಮಣಿಕಂಠ, ರೇಸ್ ಟ್ರ್ಯಾಕಿನಲ್ಲಿ ಹಿಂದಿನಿಂದ ಹಾರ್ನು ಕೇಳಿದ್ದಕ್ಕೆ ಆಂಬುಲೆನ್ಸೇ ಬಂತೆಂದು ಹೆದರಿ, ಎಡಕ್ಕೆ ಸರಿದು ನಿಂತೇಬಿಟ್ಟ.